ಫರಕ್ಕಾದ ನೀರು, ದೆಹಲಿಯ ಸಹಿ

1996ರ ಡಿಸೆಂಬರ್ 12ರಂದು ಭಾರತ ಮತ್ತು ಬಾಂಗ್ಲಾದೇಶದ ಪ್ರಧಾನಿಗಳು ದೆಹಲಿಯಲ್ಲಿ ಸಹಿ ಮಾಡಿದ ಗಂಗಾ ಜಲ ಒಪ್ಪಂದದ ಕೊನೆಯಲ್ಲಿ ಒಂದು ಕೋಷ್ಟಕವಿದೆ. ಜನವರಿ 1ರಿಂದ ಮೇ 31ರವರೆಗಿನ ಐದು ತಿಂಗಳನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ಒಡೆದು, ಪ್ರತಿ ಕಂತಿನಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿಗೆ ಸರಾಸರಿ ಎಷ್ಟು ನೀರು ಬರುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಎಂದು ಅಲ್ಲಿ ಬರೆದಿದ್ದಾರೆ. ಏಪ್ರಿಲ್ 11ರಿಂದ 20ರವರೆಗೆ 62,633 ಕ್ಯೂಸೆಕ್ ಬಂದರೆ ಭಾರತಕ್ಕೆ 35,000, ಬಾಂಗ್ಲಾದೇಶಕ್ಕೆ ಉಳಿದ 27,633. ಮರುದಿನದಿಂದ ಲೆಕ್ಕ ತಿರುಗುತ್ತದೆ. ಏಪ್ರಿಲ್ 21ರಿಂದ 30ರವರೆಗೆ ಬರುವ 60,992 ಕ್ಯೂಸೆಕ್‌ನಲ್ಲಿ ಬಾಂಗ್ಲಾದೇಶಕ್ಕೆ 35,000, ಭಾರತಕ್ಕೆ 25,992. ನದಿ ತೀರ ಬಡವಾಗಿರುವ ಮಾರ್ಚ್ 11ರಿಂದ ಮೇ 10ರವರೆಗೆ ಹೀಗೆ ಒಬ್ಬರಾದ ಮೇಲೆ ಒಬ್ಬರಿಗೆ, ಸರದಿಯ ಮೇಲೆ, ಖಾತರಿಯ ನೀರು.

ಈ ಸಾಲುಗಳನ್ನು ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಮದ್ದೂರು ಕಡೆಯ ನಮ್ಮ ನಾಲೆ. ನಮ್ಮ ಅಪ್ಪನ ಗದ್ದೆ ಇದ್ದದ್ದು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಿದ್ದರು, ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ತೂಬು ಯಾವಾಗ ಎತ್ತಬೇಕೆಂಬ ಆದೇಶ ಪಟ್ಟಣದ ಕಚೇರಿಯಿಂದ ಬರುತ್ತಿತ್ತು. ಆ ಆದೇಶ ನಮ್ಮ ಗದ್ದೆಗೆ ನೀರಾಗಿ ತಲುಪುತ್ತದೆಯೋ ಇಲ್ಲವೋ ಎಂಬುದು ಮಾತ್ರ ಮೇಲಿನ ಗದ್ದೆಯವರು ತಮ್ಮ ಮಡೆ ಕಟ್ಟುತ್ತಾರೋ ಇಲ್ಲವೋ ಎಂಬುದರ ಮೇಲೆ, ನೀರುಗಂಟಿಯ ಮಾತಿಗೆ ಅವರು ಎಷ್ಟು ಬೆಲೆ ಕೊಡುತ್ತಾರೆ ಎಂಬುದರ ಮೇಲೆ ನಿಂತಿತ್ತು. ಅಪ್ಪ ರಾತ್ರಿ ಎರಡು ಗಂಟೆಗೆ ಗುದ್ದಲಿ ಮತ್ತು ಬ್ಯಾಟರಿ ಹಿಡಿದು ಬದುವಿನ ಮೇಲೆ ಹೋಗುವಾಗ ಹಿಂದೆ ಹಿಂದೆ ನಾನೂ ಹೋಗಿದ್ದೇನೆ. ಮೇಲಿನ ಗದ್ದೆಯ ಯಜಮಾನರ ಮನೆಗೆ ಸಂಜೆಯೇ ಹೋಗಿ, ಅವರ ಜಗಲಿಯಲ್ಲಿ ಕೂತು, ಒಂದು ಮಾತು ಹೇಳಿ ಬಂದ ದಿನ ಮಾತ್ರ ಆ ನೀರು ತಂಟೆಯಿಲ್ಲದೆ ಹರಿದು ಬರುತ್ತಿತ್ತು.

ದೇಶವೊಂದರ ವಿದೇಶಾಂಗ ನೀತಿಯನ್ನು ನಿಜವಾಗಿ ರೂಪಿಸುವವರು ಯಾರು ಎಂಬ ಪ್ರಶ್ನೆಯನ್ನು ನಾನು ಹಲವು ವರ್ಷಗಳಿಂದ ಈ ಕೋಷ್ಟಕವನ್ನು ಮುಂದಿಟ್ಟುಕೊಂಡೇ ಯೋಚಿಸುತ್ತ ಬಂದಿದ್ದೇನೆ. ಪ್ರಧಾನಿ, ವಿದೇಶಾಂಗ ಸಚಿವರು, ವಿದೇಶಾಂಗ ಸಚಿವಾಲಯದ ಅಧಿಕಾರಿಗಳು ಎಂಬ ಉತ್ತರ ಎಲ್ಲರಿಗೂ ಗೊತ್ತು. ಕೆಲವು ವಿಷಯಗಳಲ್ಲಿ ಆ ಉತ್ತರ ಸರಿಯಾದದ್ದೇ. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಯ ವಿಷಯ ಬೆರಳೆಣಿಕೆಯ ಜನರಿಗೆ ಮಾತ್ರ ತಿಳಿದಿತ್ತು, ಏಕೆಂದರೆ ಅದು ಗುಟ್ಟಾಗಿಯೇ ಆಗಬಹುದಾದ, ಗುಟ್ಟಾಗಿಯೇ ಆಗಬೇಕಾದ ಕೆಲಸವಾಗಿತ್ತು. ನೀರು, ನೆಲ, ಮೀನು, ಗಡಿಯಾಚೆಯ ನೆಂಟರು ಇವುಗಳ ವಿಷಯದಲ್ಲಿ ಗುಟ್ಟಿಗೆ ಜಾಗವಿಲ್ಲ. ಅಲ್ಲಿ ದೆಹಲಿ ಸಹಿ ಹಾಕಬಹುದು, ತೂಬಿನ ಹಿಡಿ ಬೇರೆಯವರ ಕೈಯಲ್ಲಿರುತ್ತದೆ.

ಸಂವಿಧಾನವನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 10ನೇ ನಮೂದು ವಿದೇಶಾಂಗ ವ್ಯವಹಾರ, 14ನೇ ನಮೂದು ಪರದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಮತ್ತು ಅದನ್ನು ಜಾರಿಗೆ ತರುವುದು. ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯಗಳ ಪಟ್ಟಿಯಲ್ಲಿರುವ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಬಹುದು ಎಂದು 253ನೇ ವಿಧಿ ಹೇಳುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಅನುಮೋದನೆ ಪಡೆಯಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ಹೀಗೆ ಓದಿದಾಗ ಕೇಂದ್ರದ ಕೈಯನ್ನು ಹಿಡಿಯುವವರು ಯಾರೂ ಇಲ್ಲ. ಅದೇ ಅನುಸೂಚಿಯ ರಾಜ್ಯ ಪಟ್ಟಿಗೆ ಬಂದರೆ 17ನೇ ನಮೂದಿನಲ್ಲಿ ನೀರು, ನೀರಾವರಿ, ಕಾಲುವೆ, ಒಡ್ಡು ಎಲ್ಲವೂ ಕುಳಿತಿವೆ. ಅಂತರರಾಜ್ಯ ನದಿಗಳ ಮೇಲೆ ಕೇಂದ್ರಕ್ಕೆ ಅಧಿಕಾರ ಕೊಡುವ 56ನೇ ನಮೂದು ಕೇಂದ್ರ ಪಟ್ಟಿಯಲ್ಲಿ ಇದ್ದರೂ, ಅದನ್ನು ಪೂರ್ತಿಯಾಗಿ ಬಳಸಲು ಯಾವ ಕೇಂದ್ರ ಸರ್ಕಾರವೂ ಧೈರ್ಯ ಮಾಡಿದ್ದಿಲ್ಲವೆಂಬುದನ್ನು ಕಾವೇರಿಯ ಕಥೆ ಗೊತ್ತಿರುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫರಕ್ಕಾದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ, ಬಾಂಗ್ಲಾದೇಶದ ಗಡಿಯಿಂದ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಗಂಗೆಗೆ ಅಡ್ಡಲಾಗಿ ಎರಡು ಕಿಲೋಮೀಟರಿಗಿಂತ ಉದ್ದದ ಬ್ಯಾರೇಜು ಕಟ್ಟಿದ್ದು ಕೋಲ್ಕತ್ತಾ ಬಂದರನ್ನು ಉಳಿಸಿಕೊಳ್ಳಲು. ಆ ಬಂದರು ಇರುವ ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಹಡಗುಗಳಿಗೆ ಒಳಗೆ ಬರುವುದು ಕಷ್ಟವಾಗುತ್ತಿತ್ತು. ಗಂಗೆಯ ನೀರಿನಲ್ಲಿ 40,000 ಕ್ಯೂಸೆಕ್ ಅನ್ನು ಸುಮಾರು 38 ಕಿಲೋಮೀಟರ್ ಉದ್ದದ ಪೂರಕ ಕಾಲುವೆಯ ಮೂಲಕ ಹೂಗ್ಲಿಗೆ ತಿರುಗಿಸಿದರೆ ಹೂಳು ಕೊಚ್ಚಿಹೋಗುತ್ತದೆ ಎಂಬುದು ಲೆಕ್ಕ. ಇದರಿಂದ ಮಾಲ್ದಾ, ಮುರ್ಷಿದಾಬಾದ್ ಕಡೆ ಅನಾಹುತವಾದೀತು ಎಂದು ಕಪಿಲ್ ಭಟ್ಟಾಚಾರ್ಯ ಎಂಬ ಬಂಗಾಳದ ಎಂಜಿನಿಯರ್ ಮೊದಲೇ ಎಚ್ಚರಿಸಿದ್ದರು. ಅವರ ಮಾತಿಗೆ ದೇಶದ್ರೋಹದ ಬಣ್ಣ ಬಳಿಯಲಾಯಿತು. ಆ ಎರಡು ಜಿಲ್ಲೆಗಳಲ್ಲಿ ದಡ ಕುಸಿದು ಮನೆ, ಶಾಲೆ, ಮಾವಿನ ತೋಪುಗಳು ಇಂದಿಗೂ ನದಿಯ ಪಾಲಾಗುತ್ತಿವೆ.

ಬ್ಯಾರೇಜು ಕೆಲಸ ಆರಂಭಿಸಿದ್ದು 1975ರಲ್ಲಿ. ಮರುವರ್ಷವೇ, ಮೇ 16ರಂದು, ತೊಂಬತ್ತು ದಾಟಿದ ಬಾಂಗ್ಲಾದೇಶದ ರಾಜಕೀಯ ನಾಯಕ ಮೌಲಾನಾ ಭಾಷಾನಿ ಅದನ್ನು ವಿರೋಧಿಸಿ ರಾಜಶಾಹಿಯಿಂದ ಗಡಿಯ ಕಡೆಗೆ ಸಾವಿರಾರು ಜನರೊಂದಿಗೆ ನಡೆದರು. 1977ರ ನವೆಂಬರಿನಲ್ಲಿ ಐದು ವರ್ಷದ ಒಪ್ಪಂದವಾಯಿತು, 1982ರಲ್ಲಿ ಮತ್ತು 1985ರಲ್ಲಿ ತಾತ್ಕಾಲಿಕ ಏರ್ಪಾಡುಗಳಾದವು, 1988ರಲ್ಲಿ ಅವೂ ಮುಗಿದವು. ಮುಂದಿನ ಎಂಟು ಬೇಸಿಗೆ ಯಾವ ಒಪ್ಪಂದವೂ ಇಲ್ಲದೆ ಕಳೆದವು.

1996ರ ಜೂನ್ ತಿಂಗಳಲ್ಲಿ ಎರಡೂ ಕಡೆ ಸರ್ಕಾರ ಬದಲಾಯಿತು. ಢಾಕಾದಲ್ಲಿ ಶೇಖ್ ಹಸೀನಾ ಬಂದರು, ದೆಹಲಿಯಲ್ಲಿ ನಮ್ಮ ಎಚ್.ಡಿ. ದೇವೇಗೌಡರು. ಆ ಒಪ್ಪಂದದ ಶ್ರೇಯಸ್ಸನ್ನು ಸಾಮಾನ್ಯವಾಗಿ ಆಗಿನ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲರಿಗೆ ಕೊಡುತ್ತಾರೆ. ಸಣ್ಣ ನೆರೆಹೊರೆಯವರಿಂದ ಸರಿಸಮವಾದ ಪ್ರತಿಫಲವನ್ನು ನಿರೀಕ್ಷಿಸದೆ ಕೊಡುವಷ್ಟನ್ನು ಕೊಡಬೇಕೆಂಬ ಅವರ ಚಿಂತನೆಗೆ ಆಮೇಲೆ ಗುಜ್ರಾಲ್ ಸಿದ್ಧಾಂತವೆಂಬ ಹೆಸರೇ ಬಂತು. ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಒಪ್ಪಂದದ ಕೆಳಗಿರುವ ಭಾರತದ ಸಹಿ ಮಾತ್ರ ಹೊಳೆನರಸೀಪುರದ ಕಡೆಯಿಂದ ಬಂದ, ರಾಜ್ಯದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಖಾತೆಗಳನ್ನು ನೋಡಿಕೊಂಡಿದ್ದ, ನಾಲೆಯ ಕೊನೆಭಾಗವೆಂದರೇನು ಎಂದು ಅರಿತಿದ್ದ ಮನುಷ್ಯನದು. ಹತ್ತು ದಿನಗಳ ಸರದಿ ಅವರ ತಲೆಯಲ್ಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ. ಆ ಕೋಷ್ಟಕ ತಮ್ಮ ಮುಂದೆ ಬಂದಾಗ ಅದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಇವರಿಬ್ಬರಿಗಿಂತಲೂ ಆ ಒಪ್ಪಂದವನ್ನು ಸಾಧ್ಯಮಾಡಿದವರು ಜ್ಯೋತಿ ಬಸು ಎಂಬುದು ನನ್ನ ತಿಳಿವಳಿಕೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿ ಅವರು ಆಗ ಹತ್ತೊಂಬತ್ತು ವರ್ಷ ಕಳೆದಿದ್ದರು. ಆ ವರ್ಷ ಪ್ರಧಾನಿ ಪಟ್ಟ ಅವರನ್ನೂ ಅರಸಿಕೊಂಡು ಹೋಗಿತ್ತು, ಅವರ ಪಕ್ಷ ಒಪ್ಪದ ಕಾರಣ ಅದು ದೇವೇಗೌಡರಿಗೆ ಬಂತು. ಅವರ ಪೂರ್ವಿಕರ ಮನೆ ಇದ್ದದ್ದು ಢಾಕಾದಿಂದ ಹೆಚ್ಚು ದೂರವಿಲ್ಲದ ಬಾರೂದಿ ಎಂಬ ಊರಿನಲ್ಲಿ. ಒಪ್ಪಂದಕ್ಕೆ ಎರಡು ವಾರ ಮೊದಲು, ನವೆಂಬರ್ ಕೊನೆಯಲ್ಲಿ, ಬಸು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ಫರಕ್ಕಾದ ನೀರು ಕಡಿಮೆಯಾದರೆ ಮೊದಲು ಕಷ್ಟಕ್ಕೆ ಸಿಕ್ಕುವುದು ಕೋಲ್ಕತ್ತಾ ಬಂದರು, ಅಂದರೆ ಅವರದೇ ರಾಜ್ಯ, ಅವರದೇ ಮತದಾರರು. ಆ ನಷ್ಟವನ್ನು ಹೊರಬೇಕಾದ ರಾಜ್ಯದ ಮುಖ್ಯಸ್ಥನೇ ನೆರೆದೇಶದವರ ಮನೆಯಲ್ಲಿ ಕೂತು ‘ಆಗಲಿ’ ಎಂದ ಮೇಲೆ ದೆಹಲಿಯ ಸಹಿಗೆ ತೂಕ ಬಂತು. ಮಾರ್ಚ್ 11ರಿಂದ ಮೇ 10ರವರೆಗಿನ ಸರದಿಯನ್ನು ಬಿಟ್ಟರೆ ಒಪ್ಪಂದದ ಸೂತ್ರ ಸರಳವಾಗಿದೆ. 70,000 ಕ್ಯೂಸೆಕ್‌ವರೆಗೆ ಬಂದರೆ ಅರ್ಧರ್ಧ, 75,000 ದಾಟಿದರೆ ಭಾರತಕ್ಕೆ 40,000 ಉಳಿದು ಮಿಕ್ಕಿದ್ದೆಲ್ಲ ಬಾಂಗ್ಲಾದೇಶಕ್ಕೆ, ನಡುವಿನ ಮಟ್ಟದಲ್ಲಿ ಬಾಂಗ್ಲಾದೇಶಕ್ಕೆ 35,000. 1977ರ ಒಪ್ಪಂದದಲ್ಲಿದ್ದ, ನದಿ ಎಷ್ಟೇ ಬತ್ತಿದರೂ ಬಾಂಗ್ಲಾದೇಶದ ಪಾಲಿನ ಶೇಕಡಾ 80 ಕೊಡಲೇಬೇಕೆಂಬ ಷರತ್ತನ್ನು ಇಲ್ಲಿ ಕೈಬಿಡಲಾಯಿತು. ಮೊದಲ ಬೇಸಿಗೆಯಲ್ಲೇ, 1997ರಲ್ಲಿ, ಬಂದ ನೀರು ಕೋಷ್ಟಕದ ಸರಾಸರಿಗಿಂತ ಬಹಳ ಕೆಳಗಿಳಿದು ಢಾಕಾದಲ್ಲಿ ಗದ್ದಲವೆದ್ದಿತು. ಹಾಗಿದ್ದೂ ಒಪ್ಪಂದ ಮುರಿಯಲಿಲ್ಲ.

ಹದಿನೈದು ವರ್ಷಗಳ ನಂತರ ಅದೇ ಎರಡು ದೇಶ, ಅದೇ ರಾಜ್ಯ, ಇನ್ನೊಂದು ನದಿ. ಸಿಕ್ಕಿಮಿನಲ್ಲಿ ಹುಟ್ಟಿ, ಉತ್ತರ ಬಂಗಾಳದ ಜಲ್ಪಾಯ್ಗುಡಿಯ ಮೂಲಕ ಬಾಂಗ್ಲಾದೇಶದ ರಂಗಪುರ ಸೀಮೆಗೆ ಇಳಿಯುವ ತೀಸ್ತಾ. 1983ರಲ್ಲೇ ಭಾರತಕ್ಕೆ ಶೇಕಡಾ 39, ಬಾಂಗ್ಲಾದೇಶಕ್ಕೆ ಶೇಕಡಾ 36 ಎಂದು ತಾತ್ಕಾಲಿಕ ಲೆಕ್ಕವೊಂದಾಗಿತ್ತು, ಉಳಿದ ಕಾಲುಭಾಗವನ್ನು ಯಾರಿಗೂ ಹಂಚದೆ ಬಿಟ್ಟಿದ್ದರು. 2011ರ ಸೆಪ್ಟೆಂಬರ್ 6ರಂದು ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ತೀಸ್ತಾ ಒಪ್ಪಂದದ ಕರಡು ಸಿದ್ಧವಾಗಿತ್ತು. ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂ ಮುಖ್ಯಮಂತ್ರಿಗಳು ಜೊತೆಗೆ ಹೊರಟರು. ನಾಲ್ಕು ತಿಂಗಳ ಹಿಂದಷ್ಟೇ ಅಧಿಕಾರಕ್ಕೆ ಬಂದಿದ್ದ ಮಮತಾ ಬ್ಯಾನರ್ಜಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಉತ್ತರ ಬಂಗಾಳದ ರೈತರಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ಆಕ್ಷೇಪ. ಅವರಿಗೆ ವಿಷಯ ತಿಳಿಸಲೆಂದು ರಾಷ್ಟ್ರೀಯ ಭದ್ರತಾ ಸಲಹೆಗಾರ ಶಿವಶಂಕರ ಮೆನನ್ ಕೋಲ್ಕತ್ತಾಕ್ಕೆ ಹೋಗಿ ಬಂದಿದ್ದರೂ ಉಪಯೋಗವಾಗಲಿಲ್ಲ. ಲೋಕಸಭೆಯಲ್ಲಿ 19 ಸದಸ್ಯರಿದ್ದ ಅವರ ಪಕ್ಷ ಆಗ ಕೇಂದ್ರ ಸರ್ಕಾರದಲ್ಲೇ ಪಾಲುದಾರ. ತೀಸ್ತಾ ಕಾಗದ ಹೋದ ಹಾಗೆಯೇ ವಾಪಸು ಬಂತು, ಅದಕ್ಕೆ ಇಂದಿಗೂ ಸಹಿ ಬಿದ್ದಿಲ್ಲ. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮವರೇ, ಮದ್ದೂರಿನ ಎಸ್.ಎಂ. ಕೃಷ್ಣ. ಮುಖ್ಯಮಂತ್ರಿಯಾಗಿದ್ದಾಗ 2002ರ ಕಾವೇರಿ ಬಿಕ್ಕಟ್ಟಿನಲ್ಲಿ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟಿದ್ದವರು ಅವರು. ನೀರಿನ ವಿಷಯದಲ್ಲಿ ಮುಖ್ಯಮಂತ್ರಿಯೊಬ್ಬರ ಕಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಆ ಸಂಪುಟದಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ!

ಮಮತಾ ಅವರ ಹಟದಿಂದ ದೇಶದ ಮಾತು ಹೋಯಿತು ಎಂದು ಆಗ ಪತ್ರಿಕೆಗಳು ಬರೆದವು. ಅದು ಅರ್ಧ ಸತ್ಯವೆಂದು ನನಗನ್ನಿಸುತ್ತದೆ. ಹಟ ಇದ್ದಿರಬಹುದು, ರಾಜಕೀಯದ ಲೆಕ್ಕವೂ ಇದ್ದಿರಬಹುದು. 1996ಕ್ಕೂ 2011ಕ್ಕೂ ನಡುವೆ ನನಗೆ ಕಾಣುವ ವ್ಯತ್ಯಾಸವೆಂದರೆ, ಮೊದಲನೆಯದರಲ್ಲಿ ಮುಖ್ಯಮಂತ್ರಿ ಮಾತುಕತೆಯೊಳಗೆ ಇದ್ದರು, ಎರಡನೆಯದರಲ್ಲಿ ಮುಗಿದ ಮಾತುಕತೆಯನ್ನು ಮುಖ್ಯಮಂತ್ರಿಗೆ ತಿಳಿಸಲಾಯಿತು. ಮೇಲಿನ ಗದ್ದೆಯ ಯಜಮಾನರ ಜಗಲಿಗೆ ಸಂಜೆಯೇ ಹೋಗುವುದಕ್ಕೂ, ತೂಬು ಎತ್ತಿದ ಮೇಲೆ ಹೇಳಿ ಕಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಅಪ್ಪನಿಗೆ ಯಾರೂ ಕಲಿಸಿರಲಿಲ್ಲ.

ರಾಜ್ಯಗಳಿಗೆ ಇಂಥ ಬಲ ಬಂದದ್ದು ಸಮ್ಮಿಶ್ರ ಸರ್ಕಾರಗಳ ಕಾಲದಲ್ಲಿ ಎನ್ನುವವರಿದ್ದಾರೆ. ತಮಿಳುನಾಡಿನ ಉದಾಹರಣೆ ಅವರ ಮಾತಿಗೆ ಒದಗಿ ಬರುತ್ತದೆ. ಶ್ರೀಲಂಕಾದ ವಿಷಯದಲ್ಲಿ, 2012ರಲ್ಲಿ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಭಾರತ ಅದರ ವಿರುದ್ಧ ಮತ ಹಾಕಿದ್ದರಿಂದ ಹಿಡಿದು, 2013ರಲ್ಲಿ ಪ್ರಧಾನಿ ಕೊಲಂಬೊದ ಕಾಮನ್‌ವೆಲ್ತ್ ಸಭೆಗೆ ಹೋಗದೆ ಉಳಿದದ್ದರವರೆಗೆ ಚೆನ್ನೈನ ಒತ್ತಡ ಕಾಣುತ್ತದೆ. ಇದಕ್ಕೆ ಉತ್ತರವಾಗಿ ನಾನು ಬೇರುಬಾರಿಯ ಕಥೆ ಹೇಳುತ್ತೇನೆ, ಏಕೆಂದರೆ ಅದು ನಡೆದದ್ದು ನೆಹರೂ ಕಾಲದಲ್ಲಿ. ಪ್ರಧಾನಿಯೂ ಅವರೇ, ವಿದೇಶಾಂಗ ಸಚಿವರೂ ಅವರೇ, ಸಂಸತ್ತಿನಲ್ಲಿ ಭಾರಿ ಬಹುಮತ ಅವರದೇ. 1958ರಲ್ಲಿ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಅವರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಜಲ್ಪಾಯ್ಗುಡಿ ಜಿಲ್ಲೆಯ ಬೇರುಬಾರಿಯ ಅರ್ಧವನ್ನು ಪೂರ್ವ ಪಾಕಿಸ್ತಾನಕ್ಕೆ ಬಿಟ್ಟುಕೊಡಲು ಅವರು ಒಪ್ಪಿದರು. ಊರಿನವರು ಸಿಡಿದೆದ್ದರು, ಬಂಗಾಳದ ವಿಧಾನಸಭೆ ವಿರೋಧಿಸಿತು, ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ದೇಶದ ನೆಲವನ್ನು ಬಿಟ್ಟುಕೊಡುವುದಾದರೆ ಸಂವಿಧಾನವನ್ನೇ ತಿದ್ದಬೇಕೆಂದು ನ್ಯಾಯಾಲಯ 1960ರಲ್ಲಿ ಹೇಳಿತು. ಅದೇ ವರ್ಷ ಒಂಬತ್ತನೇ ತಿದ್ದುಪಡಿಯೂ ಆಯಿತು. ಅಷ್ಟಾದ ಮೇಲೂ ಬೇರುಬಾರಿ ಕೈಬದಲಾಗಲಿಲ್ಲ. 1974ರ ಇಂದಿರಾ–ಮುಜೀಬ್ ಒಪ್ಪಂದದಲ್ಲಿ ಅದು ಭಾರತಕ್ಕೇ ಉಳಿಯಿತು, ಬದಲಿಗೆ ಭಾರತದ ನೆಲದಿಂದ ಸುತ್ತುವರಿದ ದಹಗ್ರಾಮ–ಅಂಗರಪೋತಾ ಎಂಬ ತುಂಡು ನೆಲ ಬಾಂಗ್ಲಾದೇಶಕ್ಕೆ ಉಳಿದು, ಅಲ್ಲಿಗೆ ಹೋಗಿಬರಲು ತೀನ್ ಬಿಘಾ ಎಂಬ 178 ಮೀಟರ್ ಉದ್ದ, 85 ಮೀಟರ್ ಅಗಲದ ದಾರಿಯನ್ನು ಭಾರತ ಗುತ್ತಿಗೆಗೆ ಕೊಡಬೇಕೆಂದಾಯಿತು. ನೂರೆಂಬತ್ತು ಮೀಟರಿನಷ್ಟೂ ಇಲ್ಲದ ಆ ದಾರಿ ತೆರೆಯಲು 1992ರವರೆಗೆ ಕಾಯಬೇಕಾಯಿತು, ಅದೂ ಹಗಲಿನ ಕೆಲವು ಗಂಟೆಗಳ ಮಟ್ಟಿಗೆ. ಹಗಲು ರಾತ್ರಿ ತೆರೆದದ್ದು 2011ರಲ್ಲಿ.

ಅದೇ 1974ರ ಒಪ್ಪಂದದಲ್ಲಿ ಗಡಿಯ ಎರಡೂ ಕಡೆ ನಡುಗಡ್ಡೆಗಳಂತೆ ಸಿಕ್ಕಿಕೊಂಡಿದ್ದ ಹಳ್ಳಿಗಳ ವಿನಿಮಯದ ಮಾತಿತ್ತು. ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51. ಅಲ್ಲಿನವರಿಗೆ ತಮ್ಮದೆನ್ನುವ ದೇಶ ಹತ್ತಿರದಲ್ಲೇ ಇದ್ದರೂ ಅಲ್ಲಿಗೆ ಹೋಗಲು ಪರದೇಶವನ್ನು ದಾಟಬೇಕು. ಮಕ್ಕಳನ್ನು ಶಾಲೆಗೆ ಸೇರಿಸಲು, ಆಸ್ಪತ್ರೆಗೆ ಹೋಗಲು ಸುತ್ತಲಿನ ದೇಶದ ಯಾರದೋ ಹೆಸರು, ಯಾರದೋ ವಿಳಾಸವನ್ನು ಕಡ ತರಬೇಕು. ಇದನ್ನು ಸರಿಪಡಿಸುವ ತಿದ್ದುಪಡಿಯನ್ನು 2013ರಲ್ಲಿ ವಿರೋಧಿಸಿದ ಬಿಜೆಪಿಯೇ, ಅಧಿಕಾರಕ್ಕೆ ಬಂದ ಮೇಲೆ 2015ರ ಮೇ ತಿಂಗಳಲ್ಲಿ ನೂರನೇ ತಿದ್ದುಪಡಿಯಾಗಿ ಅದನ್ನು ಅಂಗೀಕರಿಸಿತು, ಉಭಯ ಸದನಗಳಲ್ಲಿ ಒಂದು ವಿರೋಧ ಮತವೂ ಬೀಳಲಿಲ್ಲ. ಜೂನ್‌ನಲ್ಲಿ ಪ್ರಧಾನಿ ಮೋದಿಯವರು ಢಾಕಾಕ್ಕೆ ಹೋದಾಗ ಮಮತಾ ಬ್ಯಾನರ್ಜಿ ಅಲ್ಲಿದ್ದರು. ಜುಲೈ 31ರ ಮಧ್ಯರಾತ್ರಿ ಆ ಹಳ್ಳಿಗಳು ಕೈಬದಲಾದವು. ಸಹಿಗೂ ಆ ರಾತ್ರಿಗೂ ನಡುವೆ ನಲವತ್ತೊಂದು ವರ್ಷ. ಅಷ್ಟು ವರ್ಷವೂ ನೀತಿ ಬದಲಾಗಿರಲಿಲ್ಲ, ಎಲ್ಲ ಸರ್ಕಾರಗಳೂ ವಿನಿಮಯ ಆಗಲಿ ಎಂದೇ ಹೇಳುತ್ತಿದ್ದವು. ಬೇರುಬಾರಿಯ ಒಂದು ಊರು ನ್ಯಾಯಾಲಯದ ಬಾಗಿಲಿಗೆ ತಲುಪಿಸಿದ ಪ್ರಶ್ನೆಯನ್ನು ದಾಟಿ ಹೋಗಲು ಅವರಿಗೆ ಅಷ್ಟು ಕಾಲ ಹಿಡಿಯಿತು.

ರಾಜ್ಯಗಳ ಕೈಗೆ ಇಂಥ ತಡೆ ಕೊಟ್ಟರೆ ದೇಶ ನೆರೆಯವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕಾವೇರಿಯ ಮಣ್ಣಿನಲ್ಲಿ ಬೆಳೆದ ನನಗೆ ಈ ಪ್ರಶ್ನೆಯ ಎರಡೂ ತುದಿ ಚುಚ್ಚುತ್ತವೆ. ಕೃಷ್ಣರಾಜಸಾಗರದ ಮಟ್ಟ ಇಳಿದ ವರ್ಷ ನೀರು ಬಿಡಿ ಎಂಬ ಆದೇಶ ಬಂದಾಗ ನಾನೂ ಮಂಡ್ಯದವರೊಂದಿಗೆ ರಸ್ತೆಯಲ್ಲಿ ಕೂತಿದ್ದೇನೆ. ಆದ್ದರಿಂದ ಜಲ್ಪಾಯ್ಗುಡಿಯ ರೈತನ ಆತಂಕವನ್ನು ಸುಳ್ಳೆನ್ನಲು ನನ್ನಿಂದಾಗದು. ನಾಲೆಯ ಕೊನೆಭಾಗದವನ ಮಗನಾಗಿ, ಮಾರ್ಚ್ ತಿಂಗಳಲ್ಲಿ ಮರಳು ಮಾತ್ರ ಕಾಣುವ ತೀಸ್ತಾದ ಕೆಳದಂಡೆಯಲ್ಲಿ ನಿಂತ ರಂಗಪುರದ ರೈತನಿಗೂ ಬೆನ್ನು ತಿರುಗಿಸಲಾರೆ. ಅವನಿಗೆ ದೆಹಲಿಯಲ್ಲೂ ಕೋಲ್ಕತ್ತಾದಲ್ಲೂ ಓಟಿಲ್ಲ.

ನನ್ನನ್ನು ಹೆಚ್ಚು ಕಾಡುವುದು, ಬೇಡವೆನ್ನುವ ಬಲವೇ ಇಲ್ಲದೆ ಹೋದವರು. 1996ರಲ್ಲಿ ಬಸು ಅವರನ್ನು ಕೇಳಿದರು, ಬಿಹಾರವನ್ನು ಯಾರೂ ಬಸು ಅವರನ್ನು ಕೇಳಿದ ಹಾಗೆ ಕೇಳಲಿಲ್ಲ. ಫರಕ್ಕಾದಿಂದಾಗಿ ಗಂಗೆಯಲ್ಲಿ ಹೂಳು ಏರಿ ಪ್ರವಾಹ ಹೆಚ್ಚಾಗಿದೆ, ಬ್ಯಾರೇಜನ್ನೇ ತೆಗೆಯಬೇಕು ಎಂದು 2016ರಲ್ಲಿ ನಿತೀಶ್ ಕುಮಾರ್ ಬಹಿರಂಗವಾಗಿ ಕೇಳಿದರು. ಮಾಲ್ದಾದಲ್ಲಿ ಮನೆ ಕಳೆದುಕೊಂಡವರ ಮಾತು ಕೋಲ್ಕತ್ತಾವನ್ನು ದಾಟಿ ದೆಹಲಿಗೆ ಮುಟ್ಟಿದ್ದು ಕಡಿಮೆ. ಸಿಕ್ಕಿಮಿನ ಜಲವಿದ್ಯುತ್ ಅಣೆಕಟ್ಟುಗಳು ತೀಸ್ತಾದ ಹರಿವನ್ನು ಬದಲಿಸುತ್ತ ಬಂದಿದ್ದರೂ ನೀರು ಹಂಚಿಕೆಯ ಚರ್ಚೆಯಲ್ಲಿ ಗ್ಯಾಂಗ್ಟಕ್ಕಿನ ಹೆಸರು ಕೇಳಿಬರುವುದಿಲ್ಲ.

ಗಂಗಾ ಒಪ್ಪಂದದ ಅವಧಿ ಮೂವತ್ತು ವರ್ಷ, 2026ರ ಡಿಸೆಂಬರಿಗೆ ಅದು ಮುಗಿಯುತ್ತದೆ. 2024ರ ಜೂನ್‌ನಲ್ಲಿ ಶೇಖ್ ಹಸೀನಾ ದೆಹಲಿಗೆ ಬಂದಾಗ ಅದರ ನವೀಕರಣಕ್ಕಾಗಿ ತಾಂತ್ರಿಕ ಮಟ್ಟದ ಮಾತುಕತೆ ಆರಂಭಿಸುವುದೆಂದು ಎರಡೂ ಸರ್ಕಾರಗಳು ಹೇಳಿದವು. ಕೆಲವೇ ದಿನಗಳಲ್ಲಿ ಮಮತಾ ಬ್ಯಾನರ್ಜಿ ಪ್ರಧಾನಿಗೆ ಪತ್ರ ಬರೆದು, ರಾಜ್ಯವನ್ನು ಕೇಳದೆ ಇಂಥ ಮಾತುಕತೆ ಮಾಡುವುದು ತಕ್ಕದ್ದಲ್ಲವೆಂದು ಆಕ್ಷೇಪಿಸಿದರು. ಆಗಸ್ಟ್ 5ರಂದು ಹಸೀನಾ ಅಧಿಕಾರವನ್ನೂ ದೇಶವನ್ನೂ ಬಿಟ್ಟು ಬಂದರು.

ಇವೆಲ್ಲದರ ನಡುವೆ ಒಂದು ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ನಡೆದುಕೊಂಡು ಬಂದಿದೆ. ಒಪ್ಪಂದದ ಪ್ರಕಾರ ಜನವರಿ 1 ಬಂತೆಂದರೆ ಬಾಂಗ್ಲಾದೇಶದ ಎಂಜಿನಿಯರುಗಳು ಫರಕ್ಕಾಕ್ಕೆ ಬರುತ್ತಾರೆ, ನಮ್ಮವರು ಆ ಕಡೆ ಪದ್ಮಾ ನದಿಯ ಹಾರ್ಡಿಂಜ್ ಸೇತುವೆಗೆ ಹೋಗುತ್ತಾರೆ. ಬ್ಯಾರೇಜಿನ ಕೆಳಗೆ, ಪೂರಕ ಕಾಲುವೆಯಲ್ಲಿ, ಸೇತುವೆಯ ಬುಡದಲ್ಲಿ ದಿನದಿನದ ಹರಿವನ್ನು ಇಬ್ಬರೂ ಒಟ್ಟಿಗೆ ಅಳೆದು ಬರೆದುಕೊಳ್ಳುತ್ತಾರೆ. ಹೊಸ ಕೋಷ್ಟಕ ಬರೆಯಲು ಕೂರುವವರು ಪಾಟ್ನಾದಿಂದಲೂ ಕೋಲ್ಕತ್ತಾದಿಂದಲೂ ಜನರನ್ನು ಮೊದಲ ದಿನವೇ ಕರೆಸಿ, ಆ ಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿ ಇಡಲಿ ಎಂದು ನಾನು ಆಶಿಸುತ್ತೇನೆ. ಹಳೆಯ ಕೋಷ್ಟಕದ ಸರಾಸರಿಗಳು 1949ರಿಂದ 1988ರವರೆಗಿನ ಗಂಗೆಯವು. ಆಮೇಲಿನ ಗಂಗೆ ಎಷ್ಟು ಹರಿದಿದೆ ಎಂಬ ಲೆಕ್ಕ ಇರುವುದು ಆ ಪುಸ್ತಕಗಳಲ್ಲಿ.